ಮುಷ್ಕರದ ಸುದ್ದಿ ಬಂದಾಗ ಮೊದಲು ನೈಟ್ ಹಾಲ್ಟ್ ಬಸ್ ನೋಡಿ

ಪ್ರಶ್ನೆ: ನಮ್ಮದು ಕೊಡಗಿನ ಅಮ್ಮತ್ತಿಯಿಂದ ಒಳಗಿರುವ ಊರು. ದಿನಕ್ಕೆ ಸರ್ಕಾರಿ ಬಸ್ ಎರಡು ಟ್ರಿಪ್ ಬರುತ್ತದೆ. ಮನೆಯಲ್ಲಿ ಗಾಡಿ ಇಲ್ಲ. ಅಮ್ಮನನ್ನು ತಿಂಗಳಿಗೊಮ್ಮೆ ಮೈಸೂರಿನ ದೊಡ್ಡಾಸ್ಪತ್ರೆಗೆ ಹೃದಯದ ತಪಾಸಣೆಗೆ ಕರೆದುಕೊಂಡು ಹೋಗಬೇಕು. ಮಗಳು ವಿರಾಜಪೇಟೆಯಲ್ಲಿ ಪಿಯುಸಿ ಓದುತ್ತಾಳೆ. ಸಾರಿಗೆ ನೌಕರರ ಮುಷ್ಕರ ಅಂತ ಟಿವಿಯಲ್ಲಿ ಬಂದಾಗಲೆಲ್ಲ ನನಗೆ ನಿದ್ದೆ ಬರುವುದಿಲ್ಲ. ಬಸ್ಸನ್ನೇ ನಂಬಿಕೊಂಡು ಇರಬಹುದಾ, ಇಲ್ಲ ಸಾಲ ಮಾಡಿಯಾದರೂ ಒಂದು ಸ್ಕೂಟರ್ ತಗೊಳ್ಳಬೇಕಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಾನು ಬಸ್ ನಿಲ್ದಾಣಗಳಲ್ಲಿ ಸಂಚಾರ ನಿಯಂತ್ರಕನಾಗಿ, ಆಮೇಲೆ ನಿರೀಕ್ಷಕನಾಗಿ ಕೆಲಸ ಮಾಡಿ ನಿವೃತ್ತನಾದವನು. ಕೌಂಟರಿನ ಆಚೆ ನಿಂತು "ಸಾರ್, ಬಸ್ ಬರುತ್ತಾ?" ಅಂತ ಕೇಳಿದ ಸಾವಿರಾರು ಮುಖ ನೋಡಿದ್ದೇನೆ. ಅದರಲ್ಲಿ ಜಾಸ್ತಿ ಇದ್ದವರು ನಿಮ್ಮಂಥವರೇ. ಮನೆಯಲ್ಲಿ ಒಬ್ಬರಿಗೆ ಆಸ್ಪತ್ರೆ, ಇನ್ನೊಬ್ಬರಿಗೆ ಕಾಲೇಜು, ನಡುವೆ ಒಂದೇ ಬಸ್ಸು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಮುಷ್ಕರದ ಲೆಕ್ಕ ನೋಡೋಣ. 2016ರಿಂದ 2025ರವರೆಗೆ ಸಾರಿಗೆ ನೌಕರರ ಮುಷ್ಕರದಿಂದ ರಾಜ್ಯದ ಸರ್ಕಾರಿ ಬಸ್ಸುಗಳು ದೊಡ್ಡ ಮಟ್ಟದಲ್ಲಿ ನಿಂತದ್ದು ನಾಲ್ಕು ಸಲ. 2016ರ ಜುಲೈಯಲ್ಲಿ ಮೂರು ದಿನ. 2020ರ ಡಿಸೆಂಬರಿನಲ್ಲಿ ನಾಲ್ಕು ದಿನ. 2021ರ ಏಪ್ರಿಲ್ 7ರಿಂದ 21ರವರೆಗೆ ಹದಿನೈದು ದಿನ, ನಡುವೆ ಯುಗಾದಿ ಹಬ್ಬವೂ ಹೋಯಿತು. 2025ರ ಆಗಸ್ಟ್ 5ರಂದು ಒಂದೇ ದಿನ. ಎಲ್ಲ ಸೇರಿಸಿದರೆ 23 ದಿನ. ಕರೆ ಕೊಟ್ಟು ನಡೆಯದೇ ಹೋದ ಮುಷ್ಕರಗಳು ಬೇರೆ. 2023ರ ಮಾರ್ಚ್‌ನಲ್ಲಿ ಸರ್ಕಾರ ಶೇಕಡಾ 15 ಸಂಬಳ ಹೆಚ್ಚಿಸಿತು, ಮುಷ್ಕರ ನಿಂತಿತು. 2024ರ ಡಿಸೆಂಬರ್ 31ಕ್ಕೆ ಇಟ್ಟುಕೊಂಡಿದ್ದು ಮಾತುಕತೆಯ ನಂತರ ಮುಂದಕ್ಕೆ ಹೋಯಿತು. ನಿಮ್ಮ ನಿದ್ದೆ ಕೆಡಿಸಿದ ಸುದ್ದಿಗಳಲ್ಲಿ ಎಷ್ಟು ನಿಜವಾಗಿ ಬಸ್ ನಿಲ್ಲಿಸಿದವು ಅಂತ ಈಗ ನೀವೇ ನೋಡಿ.

ಆದರೂ ಒಂದೇ ಒಂದು ದಿನ ತಪ್ಪಿದರೆ, ಆ ದಿನವೇ ಅಮ್ಮನ ತಪಾಸಣೆ ಇದ್ದರೆ, ಈ ಲೆಕ್ಕದಿಂದ ಏನೂ ಪ್ರಯೋಜನವಿಲ್ಲ. ಅದಕ್ಕೇ ಸುದ್ದಿಯನ್ನು ಹೇಗೆ ಓದಬೇಕು ಅನ್ನುವುದು ಮುಖ್ಯ.

ಸಾರಿಗೆ ನೌಕರರು ಇವತ್ತು ಮನಸ್ಸು ಮಾಡಿ ನಾಳೆ ಬೆಳಿಗ್ಗೆ ಕಾನೂನಿನ ಪ್ರಕಾರ ಮುಷ್ಕರ ಮಾಡಲು ಆಗುವುದಿಲ್ಲ. ಹದಿನಾಲ್ಕು ದಿನ ಮುಂಚೆ ನೋಟಿಸ್ ಕೊಡಬೇಕು. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೂ ಹೀಗೇ ಇತ್ತು, ಅದರ ಬದಲಿಗೆ ಈಗ ಜಾರಿಯಲ್ಲಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಹೀಗೇ ಇದೆ. ನೋಟಿಸ್ ಕೊಟ್ಟ ಮೇಲೆ ಕಾರ್ಮಿಕ ಇಲಾಖೆ ಸಂಧಾನಕ್ಕೆ ಕರೆಯುತ್ತದೆ. ಆಮೇಲೆ ಸಾರಿಗೆ ಸಚಿವರ ಸಭೆ, ಮುಖ್ಯಮಂತ್ರಿಗಳ ಸಭೆ. ಕೆಲವು ಸಲ ಹೈಕೋರ್ಟಿಗೂ ಹೋಗುತ್ತದೆ. ಸರ್ಕಾರ ಎಸ್ಮಾ, ಅಂದರೆ ಅಗತ್ಯ ಸೇವೆಗಳಲ್ಲಿ ಮುಷ್ಕರ ನಿಷೇಧಿಸುವ ಕಾಯ್ದೆ, ಜಾರಿ ಮಾಡುತ್ತದೆ. ಇಷ್ಟೆಲ್ಲ ಆಗಿ ಕೊನೆಯ ತೀರ್ಮಾನ ಹೊರಬೀಳುವುದು ಬಹುತೇಕ ಹಿಂದಿನ ದಿನ ಸಂಜೆಗೆ. 2025ರಲ್ಲಿ ಹಾಗೇ ಆಯಿತು. ಆಗಸ್ಟ್ 4ರಂದು ಹೈಕೋರ್ಟ್ ಒಂದು ದಿನ ತಡೆಯಿರಿ ಅಂದಿತು. ಆದರೂ 5ರ ಬೆಳಿಗ್ಗೆ ಬಸ್ ನಿಂತವು. ಕೋರ್ಟ್ ಗಟ್ಟಿಯಾಗಿ ಹೇಳಿದ ಮೇಲೆ ಅದೇ ದಿನ ಮುಷ್ಕರ ತಡೆಹಿಡಿದರು. ಅನಿರ್ದಿಷ್ಟಾವಧಿ ಅಂತ ಶುರುವಾದದ್ದು ಒಂದು ದಿನಕ್ಕೆ ಮುಗಿಯಿತು.

ಇದರಿಂದ ನಿಮಗೆ ಎರಡು ವಿಷಯ ಗೊತ್ತಾಗುತ್ತದೆ. ಮುಷ್ಕರದ ಮಾತು ನಿಮ್ಮ ಕಿವಿಗೆ ಸಾಮಾನ್ಯವಾಗಿ ಒಂದೆರಡು ವಾರ ಮುಂಚೆಯೇ ಬೀಳುತ್ತದೆ. ಅಷ್ಟರಲ್ಲಿ ತಯಾರಿ ಮಾಡಿಕೊಳ್ಳಬಹುದು. ಆದರೆ ಹೋಗುವುದಾ ಬಿಡುವುದಾ ಅನ್ನುವ ತೀರ್ಮಾನವನ್ನು ಹಿಂದಿನ ರಾತ್ರಿ ಎಂಟು ಗಂಟೆಗಿಂತ ಮುಂಚೆ ಮಾಡಬೇಡಿ. ಸುದ್ದಿ ಕೇಳಿದ ದಿನವೇ ತಪಾಸಣೆ ರದ್ದು ಮಾಡಿ, ಆಮೇಲೆ ಬಸ್ಸುಗಳು ಎಂದಿನಂತೆ ಓಡಾಡುವುದನ್ನು ನೋಡಿ ನೊಂದುಕೊಂಡವರನ್ನು ನಾನು ಕಂಡಿದ್ದೇನೆ.

ಟಿವಿ ಬಗ್ಗೆ ಒಂದು ಮಾತು. ಅಲ್ಲಿ ತೋರಿಸುವುದು ಬೆಂಗಳೂರಿನ ಮೆಜೆಸ್ಟಿಕ್. ಬೆಂಗಳೂರಿನ ಒಳಗೆ ಓಡುವ ಬಿಎಂಟಿಸಿ ಬೇರೆ ನಿಗಮ, ನಮ್ಮ ಮಡಿಕೇರಿ ಡಿಪೋ ಇರುವುದು ಕೆಎಸ್‌ಆರ್‌ಟಿಸಿಯ ಪುತ್ತೂರು ವಿಭಾಗದಲ್ಲಿ. 2025ರ ಆಗಸ್ಟಿನಲ್ಲಿ ಬೆಂಗಳೂರು ನಗರದಲ್ಲಿ ಬಸ್ಸುಗಳು ಓಡಾಡುತ್ತಿದ್ದವು, ಜಿಲ್ಲೆಗಳಲ್ಲಿ ಜನ ನಿಲ್ದಾಣದಲ್ಲಿ ಕಾಯುತ್ತಿದ್ದರು. ಮೆಜೆಸ್ಟಿಕ್‌ನಲ್ಲಿ ಬಸ್ ಕಂಡ ಮಾತ್ರಕ್ಕೆ ಅಮ್ಮತ್ತಿಗೆ ಬಸ್ ಬರುವುದಿಲ್ಲ, ಅಲ್ವಾ? ಕರೆ ಕೊಟ್ಟವರು ಯಾರು ಅನ್ನುವುದನ್ನೂ ಗಮನಿಸಿ. ನೌಕರರ ಸಂಘಟನೆಗಳಲ್ಲಿ ಬೇರೆ ಬೇರೆ ಬಣಗಳಿವೆ. ಒಂದು ಬಣ ಮಾತ್ರ ಕರೆ ಕೊಟ್ಟರೆ ಅರ್ಧಂಬರ್ಧ ಬಸ್ ಓಡುತ್ತವೆ. ಎಲ್ಲರೂ ಒಟ್ಟಾದರೆ ಡಿಪೋ ಗೇಟೇ ತೆರೆಯುವುದಿಲ್ಲ.

ನಿಮಗೆ ಟಿವಿಗಿಂತ ಒಳ್ಳೆಯ ಸೂಚನೆ ಊರಿನಲ್ಲೇ ಇದೆ. ನಿಮ್ಮ ಊರಿಗೆ, ಇಲ್ಲವೇ ಪಕ್ಕದ ಊರಿಗೆ, ರಾತ್ರಿ ಬಂದು ತಂಗುವ ಬಸ್ ಇರುತ್ತದಲ್ಲ, ನೈಟ್ ಹಾಲ್ಟ್ ಬಸ್, ಅದನ್ನು ನೋಡಿ. ಬೆಳಿಗ್ಗೆ ಆರರಿಂದ ಮುಷ್ಕರ ಅಂತ ಇದ್ದರೆ ಚಾಲಕರು, ನಿರ್ವಾಹಕರು ದೂರದ ಊರಿನಲ್ಲಿ ಸಿಕ್ಕಿಹಾಕಿಕೊಳ್ಳಲು ಬಯಸುವುದಿಲ್ಲ. ಬಸ್ಸನ್ನು ಡಿಪೋಗೆ ತಂದು ನಿಲ್ಲಿಸಿ ಮನೆಗೆ ಹೋಗಬೇಕು ಅಂತಲೇ ನೋಡುತ್ತಾರೆ. ಹಾಗಾಗಿ ಮುಷ್ಕರದ ಬಿಸಿ ತಟ್ಟುವುದು ಹಿಂದಿನ ಸಂಜೆಯಿಂದಲೇ. ದೂರದ ರಾತ್ರಿ ಬಸ್ಸುಗಳು ಕಡಿಮೆಯಾಗುತ್ತವೆ, ಹಳ್ಳಿಗಳ ಕೊನೆ ಟ್ರಿಪ್ ತಪ್ಪುತ್ತದೆ. ರಾತ್ರಿ ಬಸ್ ಬಂದು ಎಂದಿನ ಜಾಗದಲ್ಲಿ ನಿಂತಿದ್ದರೆ ಬೆಳಗಿನ ಟ್ರಿಪ್ ಸಿಗುವ ಭರವಸೆ ಜಾಸ್ತಿ. ಬರಲಿಲ್ಲವೋ, ನಾಳೆಗೆ ಬೇರೆ ದಾರಿ ಹುಡುಕಿ. ನನ್ನ ಅನುಭವದಲ್ಲಿ ಇದಕ್ಕಿಂತ ಸರಿಯಾದ ಸೂಚನೆ ಸಿಕ್ಕಿದ್ದು ಕಡಿಮೆ.

ಬೇರೆ ದಾರಿ ಅಂದರೆ ಏನು? ಇಲ್ಲಿ ಕೊಡಗಿನ ಕಷ್ಟ ಬೇರೆ ಜಿಲ್ಲೆಯವರಿಗಿಂತ ಹೆಚ್ಚು. ನಮಗೆ ರೈಲಿಲ್ಲ. ಮೈಸೂರು–ಕುಶಾಲನಗರ ಮಾರ್ಗದ ಮಾತು ಎಷ್ಟೋ ವರ್ಷಗಳಿಂದ ಕೇಳುತ್ತಿದ್ದೇವೆ, ಹಳಿ ಮಾತ್ರ ಬಂದಿಲ್ಲ. ಮುಷ್ಕರ ಬಂದರೆ ಹಾಸನದವರು ರೈಲ್ವೆ ಸ್ಟೇಷನ್ನಿಗೆ ನಡೆದು ಹೋಗುತ್ತಾರೆ. ನಾವು ಆ ಸ್ಟೇಷನ್ ಮುಟ್ಟುವುದಕ್ಕೇ ಒಂದು ಬಸ್ ಬೇಕು. ಇದನ್ನು ನೆನೆದಾಗಲೆಲ್ಲ ನನಗೆ ಬೇಸರವಾಗುತ್ತದೆ.

ಆದರೆ ನಮಗೊಂದು ಅನುಕೂಲವೂ ಇದೆ. ಜಿಲ್ಲೆಯ ಒಳಗೆ ಖಾಸಗಿ ಬಸ್ಸುಗಳು ಗಟ್ಟಿಯಾಗಿವೆ. ಮಡಿಕೇರಿಯಲ್ಲಿ ಸರ್ಕಾರಿ ನಿಲ್ದಾಣ ಬೇರೆ, ಖಾಸಗಿ ನಿಲ್ದಾಣ ಬೇರೆ. ಮೂರ್ನಾಡು, ನಾಪೋಕ್ಲು, ವಿರಾಜಪೇಟೆ, ಸಿದ್ದಾಪುರ, ಗೋಣಿಕೊಪ್ಪ ಕಡೆ ಓಡಾಡುವವರು ಖಾಸಗಿ ಬಸ್ಸಿನಲ್ಲೇ ಅರ್ಧ ಬದುಕು ಕಳೆದಿರುತ್ತಾರೆ. ಸಾರಿಗೆ ನಿಗಮದ ನೌಕರರು ಮುಷ್ಕರ ಮಾಡಿದರೆ ಈ ಬಸ್ಸುಗಳು ನಿಲ್ಲುವುದಿಲ್ಲ. ಮುಷ್ಕರ ಬೇರೆ, ಬಂದ್ ಬೇರೆ. ಬಂದ್ ದಿನ ಖಾಸಗಿಯವರೂ ಓಡಿಸಲು ಹಿಂಜರಿಯುತ್ತಾರೆ. ಸುದ್ದಿಯಲ್ಲಿ ಯಾವ ಮಾತು ಇದೆ ಅಂತ ಸರಿಯಾಗಿ ಕೇಳಿಸಿಕೊಳ್ಳಿ.

ಹಾಗಾದರೆ ನಿಮ್ಮ ದಾರಿಯನ್ನು ಮೂರು ತುಂಡು ಮಾಡಿ ನೋಡೋಣ. ಮನೆಯಿಂದ ಅಮ್ಮತ್ತಿ. ಅಮ್ಮತ್ತಿಯಿಂದ ಗೋಣಿಕೊಪ್ಪ ಅಥವಾ ವಿರಾಜಪೇಟೆ. ಅಲ್ಲಿಂದ ಮೈಸೂರು. ನಡುವಿನ ತುಂಡು ಮುಷ್ಕರದಲ್ಲೂ ನಡೆಯುತ್ತದೆ, ಖಾಸಗಿ ಬಸ್ ಇರುತ್ತದೆ. ಸ್ವಲ್ಪ ಜನ ಜಾಸ್ತಿ, ನಿಂತು ಹೋಗಬೇಕು, ಅಷ್ಟೇ. ನಿಮ್ಮ ಮಗಳ ಕಾಲೇಜಿನ ತೊಂದರೆ ಇರುವುದು ಮೊದಲ ತುಂಡಿನಲ್ಲಿ ಮಾತ್ರ. ಊರಿನಲ್ಲಿ ಕಾಲೇಜಿಗೆ ಹೋಗುವ ಮಕ್ಕಳು ಇನ್ನೂ ಮೂರ್ನಾಲ್ಕು ಜನ ಇರುತ್ತಾರೆ. ಅವರ ಮನೆಯವರೆಲ್ಲ ಸೇರಿ ಒಂದು ಬಾಡಿಗೆ ಜೀಪಿನವರ ಹತ್ತಿರ ಈಗಲೇ ಮಾತಾಡಿ. "ಮುಷ್ಕರದ ದಿನ ಬೆಳಿಗ್ಗೆ ಅಮ್ಮತ್ತಿಗೆ ಬಿಡಬೇಕು, ಸಂಜೆ ಕರೆತರಬೇಕು, ಇಷ್ಟು ಕೊಡುತ್ತೇವೆ" ಅಂತ. ಆ ದಿನ ಬೆಳಿಗ್ಗೆ ಫೋನ್ ಮಾಡಿದರೆ ಜೀಪೂ ಸಿಗುವುದಿಲ್ಲ, ಸಿಕ್ಕರೂ ಬಾಡಿಗೆ ಕೈಗೆಟುಕುವುದಿಲ್ಲ.

ಕಷ್ಟ ಇರುವುದು ಮೂರನೇ ತುಂಡಿನಲ್ಲಿ. ಜಿಲ್ಲೆ ದಾಟಿ ಮೈಸೂರಿಗೆ ಹೋಗಬೇಕಾದರೆ ಸರ್ಕಾರಿ ಬಸ್ಸೇ ಹೆಚ್ಚು. ಗೋಣಿಕೊಪ್ಪದಿಂದ ಹುಣಸೂರಿಗೆ ಹೋಗುವಾಗ ತಿತಿಮತಿ, ಆನೆಚೌಕೂರು ಕಡೆ ಕಾಡಿನ ದಾರಿ. ಈ ದಾರಿಯಲ್ಲಿ ಸಿಕ್ಕಿದ ಗಾಡಿ ಹತ್ತಿ, ಅರ್ಧದಲ್ಲಿ ಇಳಿದು, ಇನ್ನೊಂದು ಗಾಡಿ ಕಾಯುವ ಯೋಚನೆ ಮಾಡಲೇಬೇಡಿ. ವಯಸ್ಸಾದ ಅಮ್ಮನನ್ನು ಕರೆದುಕೊಂಡು, ಅದೂ ಸಂಜೆ ಹೊತ್ತು, ಆನೆ ದಾಟುವ ಜಾಗದಲ್ಲಿ ನಿಲ್ಲುವುದು ಬೇಡ. ಹುಣಸೂರು ತನಕ ಒಂದೇ ಗಾಡಿ ಸಿಗುತ್ತದೆ ಅಂತ ಖಾತ್ರಿಯಾದರೆ ಮಾತ್ರ ಹೊರಡಿ. ಹುಣಸೂರಿನ ಮೇಲೆ ದೊಡ್ಡ ರಸ್ತೆ, ಗಾಡಿ ಜಾಸ್ತಿ. ಕುಶಾಲನಗರ, ಪಿರಿಯಾಪಟ್ಟಣದ ಮೇಲೆ ಹೋಗುವ ದಾರಿ ಸ್ವಲ್ಪ ಸುತ್ತು. ಆದರೆ ಅಲ್ಲಿ ಪೇಟೆಗಳು ಹತ್ತಿರ ಹತ್ತಿರ ಇವೆ. ಕಾಯಬೇಕಾಗಿ ಬಂದರೂ ಒಂದು ಹೋಟೆಲ್, ಒಂದು ಮೆಡಿಕಲ್ ಶಾಪ್ ಇರುತ್ತದೆ. ಮುಷ್ಕರದ ದಿನ ನಾನಾಗಿದ್ದರೆ ಸಿದ್ದಾಪುರದ ಮೇಲೆ ಕುಶಾಲನಗರದ ದಾರಿಯನ್ನೇ ಹಿಡಿಯುತ್ತಿದ್ದೆ.

ಜನರಿಗೆ ತಟ್ಟನೆ ಹೊಳೆಯದ ಇನ್ನೊಂದು ದಾರಿ ಇದೆ. ಕಣ್ಣೂರು, ತಲಶ್ಶೇರಿ ಕಡೆಯಿಂದ ಬರುವ ಕೇರಳದ ಸರ್ಕಾರಿ ಬಸ್ಸುಗಳು ಇರಿಟ್ಟಿ, ಮಾಕುಟ್ಟ ಘಾಟಿ ಹತ್ತಿ ವಿರಾಜಪೇಟೆ, ಗೋಣಿಕೊಪ್ಪ, ಹುಣಸೂರು ಮೇಲೆ ಮೈಸೂರು, ಬೆಂಗಳೂರಿಗೆ ಹೋಗುತ್ತವೆ. ಅವರ ನಿಗಮವೇ ಬೇರೆ. ಕರ್ನಾಟಕದ ನೌಕರರ ಮುಷ್ಕರ ಅವರಿಗೆ ಸಂಬಂಧವಿಲ್ಲ. ಮೈಸೂರಿನ ಸಬರ್ಬನ್ ನಿಲ್ದಾಣದಿಂದ ವಾಪಸ್ ಬರುವಾಗಲೂ ಇವು ನೆನಪಿರಲಿ. ಇದರ ಇನ್ನೊಂದು ಮುಖವೂ ಇದೆ. 2025ರ ಜುಲೈ 9ರಂದು ದೇಶದ ಕಾರ್ಮಿಕ ಸಂಘಟನೆಗಳು ಮುಷ್ಕರ ಮಾಡಿದಾಗ ಕೇರಳ ಪೂರ್ತಿ ನಿಂತುಹೋಯಿತು, ನಮ್ಮಲ್ಲಿ ಹೆಚ್ಚಿನ ಬಸ್ಸುಗಳು ಓಡಾಡಿದವು. ಕುಟ್ಟ, ಮಾಕುಟ್ಟ ಕಡೆ ಗಡಿಯಲ್ಲಿ ಇರುವವರು ಎರಡೂ ರಾಜ್ಯದ ಸುದ್ದಿ ಕೇಳಬೇಕು.

ಮುಷ್ಕರ ದೊಡ್ಡದಾದರೆ ಸರ್ಕಾರವೂ ಕೈಕಟ್ಟಿ ಕೂರುವುದಿಲ್ಲ. 2021ರಲ್ಲಿ ಖಾಸಗಿ ಬಸ್, ಮ್ಯಾಕ್ಸಿಕ್ಯಾಬ್‌ಗಳನ್ನು ಸರ್ಕಾರಿ ನಿಲ್ದಾಣದ ಒಳಗೇ ಬಿಟ್ಟು ಜನರನ್ನು ಹತ್ತಿಸಿಕೊಳ್ಳಲು ಅವಕಾಶ ಕೊಟ್ಟರು. ರೈಲ್ವೆಯವರು ವಿಶೇಷ ರೈಲು ಓಡಿಸಿದರು. ಹಾಗಾಗಿ ಎರಡನೇ, ಮೂರನೇ ದಿನದ ಹೊತ್ತಿಗೆ ದೊಡ್ಡ ಊರುಗಳ ನಡುವೆ ಏನಾದರೂ ಸಿಗುತ್ತದೆ. ಮೊದಲ ದಿನವೇ ಅತಿ ಕಷ್ಟದ ದಿನ. ತಪಾಸಣೆ ಒಂದೆರಡು ದಿನ ಮುಂದೆ ಹಾಕಲು ಆಗುವುದಾದರೆ ಮೊದಲ ದಿನ ಹೋಗಬೇಡಿ. ಬೆಂಗಳೂರಿಗೇ ಹೋಗಬೇಕಾದವರು ಹೇಗಾದರೂ ಮೈಸೂರು ಮುಟ್ಟಿದರೆ ಸಾಕು, ಅಲ್ಲಿಂದ ರೈಲು ಬೇಕಾದಷ್ಟಿವೆ. ಶನಿವಾರಸಂತೆ, ಕೊಡ್ಲಿಪೇಟೆ ಕಡೆಯವರಿಗೆ ಹಾಸನ ಹತ್ತಿರ. ವಿರಾಜಪೇಟೆ ಕಡೆಯಿಂದ ಕರಾವಳಿಗೆ ಹೋಗುವವರಿಗೆ ತಲಶ್ಶೇರಿ ಸ್ಟೇಷನ್ ಇದೆ.

ಈಗ ದುಡ್ಡಿನ ವಿಷಯ. ಇದನ್ನು ಬಿಡಿಸಿ ಹೇಳಲೇಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ನಿಮಗೆ, ನಿಮ್ಮ ಅಮ್ಮನಿಗೆ, ಮಗಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ಕಾಸಿಲ್ಲ. ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ಬಸ್ಸಿಗೆ ಅಂತ ದುಡ್ಡು ತೆಗೆದಿಡುವ ಅಭ್ಯಾಸವೇ ಹೋಗಿದೆ. ಅದು ಒಳ್ಳೆಯದೇ, ಆ ದುಡ್ಡು ಔಷಧಿಗೆ, ಓದಿಗೆ ಹೋಗಿದೆ. ಆದರೆ ಶಕ್ತಿ ಖಾಸಗಿ ಬಸ್ಸಿಗೆ ಇಲ್ಲ, ಕೇರಳದ ಬಸ್ಸಿಗೂ ಇಲ್ಲ. ಸರ್ಕಾರಿ ಬಸ್ಸಿನ ಪಾಸ್ ಅಲ್ಲಿ ನಡೆಯುವುದಿಲ್ಲ. ಮುಷ್ಕರದ ದಿನ ಮೂರು ಜನಕ್ಕೂ ಪೂರ್ತಿ ಟಿಕೆಟ್, ಮೇಲೆ ಜೀಪಿನ ಪಾಲು. 2021ರಲ್ಲಿ ಮಾಮೂಲಿಗಿಂತ ಹೆಚ್ಚು ಕೇಳಿದವರೂ ಇದ್ದರು. ಹಾಗಾಗಿ ಮನೆಯಲ್ಲಿ ಒಂದು ಡಬ್ಬಿಯಲ್ಲಿ ಮೈಸೂರಿಗೆ ಇಬ್ಬರು ಹೋಗಿ ಬರುವಷ್ಟು, ಅದರ ಮೇಲೆ ಇನ್ನರ್ಧ, ಚಿಲ್ಲರೆಯಾಗಿ ಇಟ್ಟುಬಿಡಿ. ಅದನ್ನು ಬೇರೆ ಯಾವುದಕ್ಕೂ ಮುಟ್ಟಬೇಡಿ.

ರಾಜಹಂಸದಲ್ಲೋ ಐರಾವತದಲ್ಲೋ ಮುಂಗಡ ಸೀಟು ಮಾಡಿಸಿದ್ದರೆ ಗಾಬರಿಯಿಂದ ನೀವೇ ರದ್ದು ಮಾಡಬೇಡಿ. ನೀವು ರದ್ದು ಮಾಡಿದರೆ ಹಣ ಕಡಿತವಾಗುತ್ತದೆ. ನಿಗಮವೇ ಬಸ್ ರದ್ದು ಮಾಡಿದರೆ ಹಣ ವಾಪಸ್ ಕೇಳುವ ಹಕ್ಕು ನಿಮಗಿದೆ. ಟಿಕೆಟ್ಟಿನ ಮೆಸೇಜ್ ಅಳಿಸದೆ ಇಟ್ಟುಕೊಳ್ಳಿ.

ಮುಷ್ಕರದ ದಿನ ಪಿಕಪ್ ಗಾಡಿಗಳ ಹಿಂದೆ ಜನ ತುಂಬಿಕೊಂಡು ಹೋಗುವುದನ್ನು ನೋಡಿದರೆ ನನ್ನ ಎದೆ ಹಿಡಿದಂತಾಗುತ್ತದೆ. ತೋಟದ ಕೆಲಸಕ್ಕೆ ಹೋಗುವವರಿಗೆ ಇದು ಮಾಮೂಲಿ ಅನಿಸಿರಬಹುದು. ಸರಕು ಗಾಡಿಯಲ್ಲಿ ಕೂತವರಿಗೆ ಅಪಘಾತವಾದರೆ ವಿಮೆ ಸಿಗುವುದು ಬಹಳ ಕಷ್ಟ. ಬಿಳಿ ಬೋರ್ಡಿನ ಸ್ವಂತ ಕಾರನ್ನು ಬಾಡಿಗೆಗೆ ಓಡಿಸಿದರೂ ವಿಮೆ ಕಂಪನಿಯವರು ಅದನ್ನೇ ನೆಪ ಮಾಡುತ್ತಾರೆ. ಹಳದಿ ಬೋರ್ಡಿನ ಗಾಡಿ ಹತ್ತಿ. ನೂರು ರೂಪಾಯಿ ಜಾಸ್ತಿ ಆದರೂ ಪರವಾಗಿಲ್ಲ. ನಮ್ಮ ಘಾಟಿ ರಸ್ತೆ, ನಮ್ಮ ಮಂಜು, ನಮ್ಮ ಮಳೆಯಲ್ಲಿ ಈ ಮಾತು ಬಹಳ ಮುಖ್ಯ.

ಅಮ್ಮನ ವಿಷಯಕ್ಕೆ ಬರುತ್ತೇನೆ. ಮುಂದಿನ ಸಲ ದೊಡ್ಡಾಸ್ಪತ್ರೆಗೆ ಹೋದಾಗ ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳಿ: "ನಾವು ಕೊಡಗಿನಿಂದ ಬರುವವರು, ಮಳೆ ಮುಷ್ಕರ ಅಂತ ಒಂದೊಂದು ಸಲ ಬರಲು ಆಗುವುದಿಲ್ಲ. ಹದಿನೈದು ದಿನದ ಮಾತ್ರೆ ಹೆಚ್ಚಿಗೆ ಬರೆದುಕೊಡಿ. ಎಷ್ಟು ದಿನ ತಡವಾದರೆ ಪರವಾಗಿಲ್ಲ, ಎಷ್ಟು ದಿನ ತಡವಾಗಲೇಬಾರದು, ಅದನ್ನೂ ಹೇಳಿ." ಹೀಗೆ ಕೇಳಲು ಸಂಕೋಚ ಬೇಡ. ಮಾತ್ರೆ ಮುಗಿಯುತ್ತಾ ಬಂತು ಅಂತ ಅರ್ಧ ಅರ್ಧ ಮಾಡಿ ಕೊಡುವ ಮನೆಗಳಿವೆ. ಹೃದಯದ ಮಾತ್ರೆಯಲ್ಲಿ ಅದನ್ನು ಯಾವತ್ತೂ ಮಾಡಬೇಡಿ. ಸುಮ್ನೆ ಬಿಪಿ ನೋಡಿಸಬೇಕು, ರಕ್ತ ಪರೀಕ್ಷೆ ಮಾಡಿಸಬೇಕು ಅಂದರೆ ವಿರಾಜಪೇಟೆಯ ತಾಲೂಕು ಆಸ್ಪತ್ರೆ ಅಥವಾ ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಅಲ್ಲಿಗೆ ಖಾಸಗಿ ಬಸ್ಸಿನಲ್ಲೇ ಹೋಗಬಹುದು. ಎದೆನೋವು, ಉಸಿರಾಟದ ತೊಂದರೆ ಬಂದರೆ ಬಸ್ ಯೋಚನೆಯೇ ಬೇಡ, 108ಕ್ಕೆ ಫೋನ್ ಮಾಡಿ. ಮುಷ್ಕರ ಆಂಬುಲೆನ್ಸಿಗೆ ಇಲ್ಲ.

ಮುಷ್ಕರದ ಹಿಂದಿನ ದಿನವೇ ಮೈಸೂರಿಗೆ ಹೋಗಿ ನೆಂಟರ ಮನೆಯಲ್ಲಿ ಉಳಿಯುವ ಯೋಚನೆ ಒಳ್ಳೆಯದೇ. ಆದರೆ ಹೋಗುವುದಕ್ಕಿಂತ ವಾಪಸ್ ಬರುವುದೇ ಕಷ್ಟ. ಎರಡು ದಿನಕ್ಕೆ ಅಂತ ಹೋದವರು 2021ರಲ್ಲಿ ಎರಡು ವಾರ ಪರದಾಡಿದರು. ಮಗಳನ್ನು ಊರಿನಲ್ಲಿ ಬಿಟ್ಟು ಹೋಗುತ್ತೀರಿ ಅಂದರೆ ಪಕ್ಕದ ಮನೆಯವರಿಗೆ ಹೇಳಿ, ಒಂದು ವಾರದ ಮಾತ್ರೆ ಜೊತೆಗಿಟ್ಟುಕೊಂಡು ಹೊರಡಿ.

ಇನ್ನು ನೌಕರರ ಬಗ್ಗೆ ಎರಡು ಮಾತು. ನಾನು ಅವರ ಜೊತೆ ಕೆಲಸ ಮಾಡಿದವನು, ಹಾಗಾಗಿ ಹೇಳದೆ ಇರಲಾರೆ. 2025ರಲ್ಲಿ ಅವರು ಕೇಳಿದ್ದು ಹೊಸ ಸಂಬಳ ಮಾತ್ರ ಅಲ್ಲ. 2020ರ ಜನವರಿಯಿಂದ 38 ತಿಂಗಳ ಹಿಂಬಾಕಿ ಬರಬೇಕಿತ್ತು. ರಾಜ್ಯದ ನಾಲ್ಕೂ ಸಾರಿಗೆ ನಿಗಮ ಸೇರಿ ಲಕ್ಷಕ್ಕೂ ಹೆಚ್ಚು ಜನ ದುಡಿಯುತ್ತಾರೆ. ನಿಮ್ಮೂರಿಗೆ ಬರುವ ಚಾಲಕ ಆಗಸ್ಟಿನ ಮಳೆಯಲ್ಲಿ, ಕಣ್ಣು ಕಾಣದ ಮಂಜಿನಲ್ಲಿ ನಲವತ್ತು ಜನರನ್ನು ಕೂರಿಸಿಕೊಂಡು ಓಡಿಸುತ್ತಾನೆ. ರಾತ್ರಿ ಬಸ್ಸಿನಲ್ಲೇ ಮಲಗುತ್ತಾನೆ. ಅವನ ಮಗಳ ಫೀಸಿಗೂ ದುಡ್ಡು ಬೇಕು. ಬಸ್ ನಿಂತರೆ ನಿಮಗೆ ಕಷ್ಟ, ಅದು ನಿಜ. ಆ ಕಷ್ಟಕ್ಕೆ ಉತ್ತರ ಕೊಡಬೇಕಾದವರು ಸಂಬಳದ ಮಾತನ್ನು ವರ್ಷಗಟ್ಟಲೆ ಎಳೆದವರು ಅಂತ ನನ್ನ ಅಭಿಪ್ರಾಯ. ಎಲ್ಲ ಓದುಗರೂ ಇದನ್ನು ಒಪ್ಪದಿರಬಹುದು.

ಕೊನೆಗೆ ಸ್ಕೂಟರ್. ಮುಷ್ಕರಕ್ಕೆ ಹೆದರಿ ಸಾಲ ಮಾಡಬೇಡಿ. ಹತ್ತು ವರ್ಷದ 23 ದಿನಕ್ಕೆ ಮೂರು ವರ್ಷ ಕಂತು ಕಟ್ಟುವುದು ಲೆಕ್ಕಕ್ಕೆ ಬರುವುದಿಲ್ಲ. ಅಮ್ಮನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ತಿತಿಮತಿ ಕಾಡು ದಾಟಿ ಮೈಸೂರಿಗೆ ಹೋಗಲು ಆಗುವುದಿಲ್ಲ. ಮಗಳಿಗೆ ಹದಿನೆಂಟು ತುಂಬದೆ, ಲೈಸೆನ್ಸ್ ಇಲ್ಲದೆ ಓಡಿಸುವಂತಿಲ್ಲ. ಆದರೆ ನಿಮಗೆ ದಿನವೂ ಅಮ್ಮತ್ತಿಗೆ ಹೋಗಿ ಬರುವ ಕೆಲಸ ಇದ್ದು, ದಿನಕ್ಕೆ ಎರಡೇ ಟ್ರಿಪ್ ಅನ್ನುವುದೇ ನಿಜವಾದ ತೊಂದರೆ ಆಗಿದ್ದರೆ ಅದು ಬೇರೆ ಮಾತು. ಆಗ ಹಳೆಯ ಸ್ಕೂಟರ್ ಒಂದನ್ನು ಕೈಯಲ್ಲಿರುವ ದುಡ್ಡಿಗೆ ನೋಡಿ. ಅದಕ್ಕಿಂತ ಮುಂಚೆ ಊರಿನವರೆಲ್ಲ ಸೇರಿ ಇನ್ನೊಂದು ಟ್ರಿಪ್ ಬೇಕು ಅಂತ ಡಿಪೋ ವ್ಯವಸ್ಥಾಪಕರಿಗೆ ಅರ್ಜಿ ಕೊಡಿ. ಕಾಲೇಜು ಮಕ್ಕಳ ಹೆಸರು, ಬೇಕಾದ ಸಮಯ ಬರೆದು, ಪಂಚಾಯಿತಿಯ ಪತ್ರ ಜೊತೆಗೆ ಇಡಿ. ಇಷ್ಟು ಜನ ಹತ್ತುತ್ತಾರೆ ಅಂತ ಕಣ್ಣಿಗೆ ಕಾಣುವ ಅರ್ಜಿಯನ್ನು ನಾವು ಬೇರೆಯದಕ್ಕಿಂತ ಗಂಭೀರವಾಗಿ ನೋಡುತ್ತಿದ್ದೆವು.

ಈ ವಾರವೇ ಮಾಡಬೇಕಾದ್ದು ಇಷ್ಟು. ಅಮ್ಮತ್ತಿಯಲ್ಲಿ ಮೈಸೂರು ಕಡೆಯ ಖಾಸಗಿ ಬಸ್ಸು ಯಾವುದಾದರೂ ಇದೆಯಾ, ಎಷ್ಟು ಗಂಟೆಗೆ ಅಂತ ವಿಚಾರಿಸಿ ಬರೆದಿಟ್ಟುಕೊಳ್ಳಿ. ಜೀಪಿನವರ ನಂಬರ್ ತಗೊಳ್ಳಿ. ರಾತ್ರಿ ತಂಗುವ ಬಸ್ಸಿನ ನಿರ್ವಾಹಕರನ್ನು ಒಂದು ಸಲ ಮಾತಾಡಿಸಿ, ಅವರ ಫೋನ್ ನಂಬರ್ ಕೇಳಿ. ಅಮ್ಮನಿಗೆ ತಿಂಗಳಿಗೊಮ್ಮೆ ಆಸ್ಪತ್ರೆ ಇದೆ ಅಂತ ಹೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಮುಷ್ಕರದ ಹಿಂದಿನ ಸಂಜೆ ಅವರಿಗೆ ಒಂದು ಫೋನ್ ಮಾಡಿ, "ನಾಳೆ ಬೆಳಿಗ್ಗೆ ಬರುತ್ತೀರಾ?" ಅಂತ ಕೇಳಿ. ಬರುತ್ತೇವೆ ಅಂದರೆ ಅಮ್ಮನ ಚೀಟಿ, ಮಾತ್ರೆ ಎಲ್ಲ ರಾತ್ರಿಯೇ ಬ್ಯಾಗಿಗೆ ಹಾಕಿಡಿ.